ಗಾಳಿ ಹೊಗದ ಬಚ್ಚಲು

ನಮ್ಮವ್ವ ಶರಣವ್ವನಿಗೆ ಈ ಲೋಕದಲ್ಲಿ ವೈರಿ ಅಂತ ಇದ್ದದ್ದು ಗಾಳಿ ಒಂದೇ. ವಿಜಯಪುರದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೆ ಎರೆಯಲು ಅವಳನ್ನೇ ಕರೆಯುತ್ತಿದ್ದರು. ನೆತ್ತಿಗೆ ಎಣ್ಣೆ ಒತ್ತಿ, ಮೈಗೆ ಅರಿಶಿಣ ಹಚ್ಚಿ, ಸುಡುಸುಡು ನೀರು ಹಾಕಿ, ಲೋಬಾನದ ಹೊಗೆ ಕೊಟ್ಟು, ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ ಮಲಗಿಸಿದಳೆಂದರೆ ಆ ಹೆಣ್ಣುಮಗಳು ಊಟದ ಹೊತ್ತಿನ ತನಕ ಮಗ್ಗುಲು ಬದಲಿಸುತ್ತಿರಲಿಲ್ಲ. ಹಾಗೆ ನಿದ್ದೆ ಬಂದರೆ ನೀರು ಮೈಗೆ ಹತ್ತಿತು ಎಂದು ಲೆಕ್ಕ. ಬರದಿದ್ದರೆ ಯಾವುದೋ ಸಂದಿಯಿಂದ ಗಾಳಿ ಹೊಕ್ಕಿದೆ ಎಂದು ಅವ್ವ ಇಡೀ ಬಚ್ಚಲನ್ನು ಪೊಲೀಸರಂತೆ ಜಾಲಾಡುತ್ತಿದ್ದಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಕೊನೆಯ ತಿಂಗಳಲ್ಲಿ ನನಗೆ ಬಿಪಿ ಏರಿ, ಡಾಕ್ಟರು ಪ್ರಯಾಣ ಬೇಡವೇ ಬೇಡ ಎಂದರು. ಹೀಗಾಗಿ ನಾನು ತವರಿಗೆ ಹೋಗುವ ಬದಲು ತವರೇ ಒಂದು ಡಬ್ಬಿ ಅಂಟಿನುಂಡೆ, ಎಣ್ಣೆಯ ಕ್ಯಾನು, ಹಳೆ ಸೀರೆಗಳ ಗಂಟು ಹೊತ್ತುಕೊಂಡು ಮುಂಬೈಯ ಕಾಂದಿವಲಿಗೆ ಬಂದಿಳಿಯಿತು. ಹೆರಿಗೆಯ ಸುದ್ದಿ ಕೇಳಿ ಬಂದ ಅವ್ವ ಕೂಸಿನ ಮುಖ ನೋಡಿದ ಮರುಗಳಿಗೆಗೇ ಬಚ್ಚಲು ಎಲ್ಲಿದೆ ಎಂದು ಕೇಳಿದಳು.

ನಮ್ಮದು ಏಳನೇ ಮಾಳಿಗೆಯ ಸಣ್ಣ ಬಾಡಿಗೆ ಫ್ಲ್ಯಾಟು. ಬಚ್ಚಲೆಂದರೆ ಒಬ್ಬರು ಕೂತು ಒಬ್ಬರು ನಿಂತರೆ ತುಂಬಿಹೋಗುವ ಜಾಗ. ಗೋಡೆಯಲ್ಲಿ ಮೇಲೆ ಗಾಜಿನ ಪಟ್ಟಿಗಳ ಒಂದು ಸಣ್ಣ ಕಿಟಕಿ, ಅದರ ಪಕ್ಕದಲ್ಲೇ ಹಿಂದಿನ ಬಾಡಿಗೆಯವರು ಬಿಟ್ಟುಹೋದ ಗ್ಯಾಸ್ ಗೀಸರ್. ಸಿಲಿಂಡರು ಹೊರಗೆ ಬಟ್ಟೆ ಒಣಗಿಸುವ ಡ್ರೈ ಬಾಲ್ಕನಿಯಲ್ಲಿ, ಬೆಂಕಿ ಒಳಗೆ. ನಳ ತಿರುಗಿಸಿದರೆ ಟಕಟಕ ಎಂದು ಕಿಡಿ ಹಾರಿ, ಡಬ್ಬಿಯ ಕಿಂಡಿಯಲ್ಲಿ ಉರಿ ಹತ್ತಿಕೊಳ್ಳುತ್ತಿತ್ತು. ಅವ್ವನಿಗೆ ಅದು ಬಹಳ ಮೆಚ್ಚಿಗೆಯಾಯಿತು. ಕರೆಂಟಿನ ನೀರಿನಲ್ಲಿ ಸತ್ವ ಇರುವುದಿಲ್ಲ, ಉರಿ ಕಣ್ಣಿಗೆ ಕಂಡರೆ ಮಾತ್ರ ಅದು ಕಾಯಿಸಿದ ನೀರು ಎಂಬುದು ಅವಳ ಮತ. ಕಿಟಕಿಯೊಂದೇ ಅವಳಿಗೆ ಹಿಡಿಸಲಿಲ್ಲ. ಡಿಸೆಂಬರ್ ತಿಂಗಳಿನ ಮುಂಬೈ ಚಳಿಗೆ ನಾವಿಲ್ಲಿ ಸ್ವೆಟರ್ ಹಾಕುವುದನ್ನು ನೋಡಿ ನಕ್ಕವಳು, ಆ ಗಾಜಿನ ಪಟ್ಟಿಗಳ ನಡುವಿನ ಬೆರಳಗಲದ ಸಂದಿಗೆ ಮಾತ್ರ ಹುಲಿ ಕಂಡಂತೆ ಅಂಜಿದಳು.

ನನ್ನ ಗಂಡ ಚೇತನ ಸ್ನಾನ ಮಾಡಿ, ಡಬ್ಬಿ ಹಿಡಿದು, ಫೋರ್ಟ್ ಬಡಾವಣೆಯ ಬ್ಯಾಂಕಿಗೆ ಲೋಕಲ್ ಟ್ರೇನು ಹಿಡಿಯಲು ಓಡಿದ ಮೇಲೆ ಅವ್ವನ ರಾಜ್ಯ ಶುರು. ಹಳೆ ಇಳಕಲ್ ಸೀರೆಯ ಒಂದು ತುಂಡನ್ನು ಮಡಿಚಿ ಕಿಟಕಿಯ ಸಂದಿಗಳಿಗೆಲ್ಲ ಒತ್ತುತ್ತಿದ್ದಳು. ಬಾಗಿಲ ಬುಡಕ್ಕೆ ಒಳಗಿನಿಂದ ಗೋಣಿಚೀಲ ಸುತ್ತಿ ಇಡುತ್ತಿದ್ದಳು. ಸ್ನಾನವಾದ ಮೇಲೆ ಎರಡನ್ನೂ ತೆಗೆದು, ಬಾಣಂತಿಯ ಕೋಣೆಯಲ್ಲಿ ಕಟ್ಟಿದ ಹಗ್ಗಕ್ಕೆ ಒಣಗಹಾಕುತ್ತಿದ್ದಳು. ಬಾಣಂತಿಯ ಬಟ್ಟೆಬರೆ, ನೀರು, ಎಣ್ಣೆ ಇವೆಲ್ಲ ಗಂಡಸರ ಕಣ್ಣಿಗಾಗಲಿ ಕಿವಿಗಾಗಲಿ ಬೀಳತಕ್ಕದ್ದಲ್ಲ. ಆದ್ದರಿಂದ ಆ ಬಚ್ಚಲ ಕಿಟಕಿ ದಿನಕ್ಕೊಮ್ಮೆ ಮುಚ್ಚುತ್ತದೆ ಎಂಬುದು ಚೇತನನಿಗೆ ಗೊತ್ತೇ ಇರಲಿಲ್ಲ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುತ್ತೇನೆಂದು ಅವಳು ಹೇಳಿದ್ದಾಗ, ಫ್ಲ್ಯಾಟಿನಲ್ಲಿ ಹೊಗೆ ತುಂಬುತ್ತದೆಂದು ಅವನು ಕೈಮುಗಿದು ಬೇಡಿಕೊಂಡು ತಪ್ಪಿಸಿದ್ದ. ಕಣ್ಣಿಗೆ ಕಾಣುವ ಹೊಗೆಗೆ ಅಂಜುವುದು ನಮಗೆಲ್ಲ ಗೊತ್ತಿತ್ತು.

ಆ ಬಚ್ಚಲಲ್ಲಿ ನನಗೆ ಸಿಗುತ್ತಿದ್ದ ಸುಖವನ್ನು ಹೇಗೆ ಹೇಳಲಿ? ರಾತ್ರಿಯಿಡೀ ಕೂಸು ನನ್ನನ್ನು ಮಲಗಗೊಡುತ್ತಿರಲಿಲ್ಲ. ಹೊಲಿಗೆ ಎಳೆಯುತ್ತಿತ್ತು, ಎದೆ ಸೋರುತ್ತಿತ್ತು, ಯಾರಾದರೂ ಮಾತಾಡಿಸಿದರೆ ಹೊಡೆಯಬೇಕೆನಿಸುತ್ತಿತ್ತು. ಬೆಳಗ್ಗೆ ಆ ಮಣೆಯ ಮೇಲೆ ಕೂತು, ಬಾಗಿಲು ಮುಚ್ಚಿ, ನೀರು ಬೀಳಲು ಶುರುವಾದರೆ ಮುಗಿಯಿತು. ಅವ್ವನ ತಂಬಿಗೆ ಒಂದು ಲಯದಲ್ಲಿ ಮುಳುಗಿ ಏಳುತ್ತಿತ್ತು. ಹಬೆ ಏರುತ್ತಿತ್ತು. ಗೀಸರಿನ ಕಿಂಡಿಯ ಉರಿ ಹಬೆಯೊಳಗೆ ಚೆಂಡುಹೂವಿನ ಹಾಗೆ ಅರಳುತ್ತಿತ್ತು. ಕೈಕಾಲು ನನ್ನವಲ್ಲ ಅನ್ನಿಸುವಷ್ಟು ಹಗುರವಾಗಿ, ಗೋಡೆ ಮೆತ್ತಗಾಗಿ, ನಾನು ಎಲ್ಲಿಗೋ ಹೊರಟುಬಿಡುತ್ತಿದ್ದೆ.

ಹೋಗುತ್ತಿದ್ದದ್ದು ಲೋಕಲ್ ಟ್ರೇನಿನಲ್ಲೇ. ಮುಂಬೈಯವರ ಸ್ವರ್ಗಕ್ಕೂ ಲೋಕಲ್ಲೇ ಹೋಗಬೇಕು, ಬೇರೆ ಗತಿಯಿಲ್ಲ. ಆದರೆ ಈ ಟ್ರೇನಿನಲ್ಲಿ ಎಲ್ಲರಿಗೂ ಕೂಡಲು ಜಾಗವಿತ್ತು, ನನಗೆ ಕಿಟಕಿಯ ಪಕ್ಕದ ಸೀಟು. ಯಾರೂ ಯಾರನ್ನೂ ಸರಿಯಲು ಹೇಳುತ್ತಿರಲಿಲ್ಲ, ಮೀನಿನ ಬುಟ್ಟಿಯ ಹೆಂಗಸರೂ ಆಫೀಸಿನ ಹುಡುಗಿಯರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ನಿದ್ದೆ ಹೋಗಿದ್ದರು. ಟ್ರೇನು ಸದ್ದಿಲ್ಲದೆ ತೇಲುತ್ತಿತ್ತು. ನಾನು ಕೆಲಸ ಮಾಡುವ ಪರೇಲ್ ಬರುತ್ತಿತ್ತು. ಅಲ್ಲಿ ಗಾಜಿನ ಬಿಲ್ಡಿಂಗುಗಳ ನಡುವೆ ಉಳಿದುಕೊಂಡಿರುವ ಮಿಲ್ಲಿನ ಹಳೆ ಚಿಮಣಿಯಿಂದ ಹಾಲಿನಂಥ ಹೊಗೆ ಏಳುತ್ತಿತ್ತು. ಸ್ಟೇಷನ್ ಹಿಂದೆ ಹೋಗುತ್ತಿತ್ತು, ಟ್ರೇನು ನಿಲ್ಲುತ್ತಿರಲಿಲ್ಲ. ನಾನು ಇಳಿಯಬೇಕಾಗಿಲ್ಲ ಎಂದು ಯಾರೋ ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅಷ್ಟು ದೊಡ್ಡ ಸಮಾಧಾನದ ಮಾತನ್ನು ನಾನು ಮದುವೆಯಾದ ಮೇಲೆ ಕೇಳಿರಲಿಲ್ಲ.

ಅಷ್ಟರಲ್ಲಿ ನೀರು ತಣ್ಣಗಾಗಿ ಕನಸು ಹರಿಯುತ್ತಿತ್ತು. ಗೀಸರಿಗೆ ಅದೊಂದು ರೋಗ ಹತ್ತಿತ್ತು. ನಡುನಡುವೆ ಉರಿ ಪಟ್ಟನೆ ಆರಿಹೋಗುತ್ತಿತ್ತು. ಅವ್ವ ಶಪಿಸುತ್ತ ನಳ ಬಂದುಮಾಡಿ, ಬಾಗಿಲು ತೆರೆದು ಅಡುಗೆಮನೆಗೆ ಓಡಿ, ಒಲೆಯ ಮೇಲಿನ ಪಾತ್ರೆಯ ನೀರು ತರುತ್ತಿದ್ದಳು. ಆಮೇಲೆ ನನಗೆ ಎಷ್ಟೋ ದಿನ ಆ ತೆರೆದ ಬಾಗಿಲ ನೆನಪಾಗಿದೆ. ಕೆಟ್ಟ ಮಶೀನು ತನ್ನ ಕೆಡುಕಿನಿಂದಲೇ ನಮ್ಮನ್ನು ಕಾಯುತ್ತಿತ್ತು.

ಎರೆದು ಮಲಗಿಸಿದರೆ ಸತ್ತವಳಂತೆ ಮಲಗುತ್ತಿದ್ದೆ. ಎದ್ದರೆ ತಲೆ ಗಿಮ್ಮೆನ್ನುತ್ತಿತ್ತು, ಓಕರಿಕೆ ಬರುತ್ತಿತ್ತು. ಅವ್ವ ಇದಕ್ಕೂ ಕಾರಣ ಇಟ್ಟುಕೊಂಡಿದ್ದಳು. ತಲೆನೋವು ಎದೆಹಾಲು ಏರಿದ್ದಕ್ಕೆ, ಓಕರಿಕೆ ಅಂಟಿನುಂಡೆ ಪಚನವಾಗದ್ದಕ್ಕೆ, ನಿದ್ದೆಯೊಂದು ಮಾತ್ರ ಅವಳ ಕೈಗುಣಕ್ಕೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಮುಂಬೈಯಂಥ ಊರಿನಲ್ಲೂ ಮಗಳು ಶೈಲಾಗೆ ನನ್ನ ನೀರು ಹತ್ಯಾವ ಎಂದು ಹೇಳಿಕೊಳ್ಳುತ್ತಿದ್ದಳು.

ಕೂಸಿಗೆ ಮಾತ್ರ ಇನ್ನೂ ಆ ಬಚ್ಚಲ ಪ್ರವೇಶ ಸಿಕ್ಕಿರಲಿಲ್ಲ. ಅದಕ್ಕೆ ಪಡಸಾಲೆಯಲ್ಲೇ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಸ್ನಾನ ಆಗುತ್ತಿತ್ತು. ಟಬ್ಬಿನಲ್ಲಿ ಅದ್ದಿ ತೆಗೆಯುವುದು ಅರಿವೆ ಒಗೆದಂತೆಯೇ ಹೊರತು ಎರೆದಂತಲ್ಲ ಎಂದು ಅವ್ವನಿಗೆ ದಿನಾ ಸಂಕಟ. ಎರೆಯುವುದೆಂದರೆ ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲುಗಳ ಮೇಲೆ ಬೋರಲು ಹಾಕಿ, ಬೆನ್ನಿನ ಮೇಲೆ ಧಾರೆ ಬಿಡಬೇಕು. ಅದಕ್ಕೆ ಬಚ್ಚಲೇ ಬೇಕು, ನಡುವೆ ತಣ್ಣಗಾಗದ ನೀರು ಬೇಕು. ತೊಟ್ಟಿಲ ಕಾರ್ಯ ಮುಗಿದು, ಕೂಸಿಗೆ ಪ್ರಣೀತಾ ಎಂದು ಹೆಸರಿಟ್ಟ ಮೇಲೆ ಅವಳು ಹಟ ಹಿಡಿದಳು. ಗೀಸರ್ ರಿಪೇರಿ ಮಾಡಿಸಿ ಕೊಡಿ, ಕೂಸಿಗೆ ಬಚ್ಚಲಲ್ಲಿ ಎರೆಯುತ್ತೇನೆ ಎಂದಳು.

ಚೇತನ ಮೊದಲು ಸೆಲ್ಲು ಬದಲಿಸಿ ನೋಡಿದ. ಕಿಡಿ ಜೋರಾಯಿತು, ಉರಿ ಆರುವುದು ನಿಲ್ಲಲಿಲ್ಲ. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಬ್ಯಾಂಕಿನಿಂದ ಬರುತ್ತ ಹಿತೇಶ್ ಎಂಬ ಮೆಕ್ಯಾನಿಕ್ಕನನ್ನು ಕರೆತಂದ. ಮಂಗಳೂರು ಕಡೆಯವರ ಮಗ, ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ತಡವರಿಸುತ್ತ ಮಾತಾಡುತ್ತಾನೆ. ಅವನು ಬಂದಾಗ ನಾನು ಎರೆಸಿಕೊಂಡು ನಿದ್ದೆಯಲ್ಲಿದ್ದೆ. ನಡೆದದ್ದನ್ನೆಲ್ಲ ಆಮೇಲೆ ಕೇಳಿ ತಿಳಿದದ್ದು.

ಹಿತೇಶ್ ಕೆಲಸವನ್ನು ನೀಟಾಗಿಯೇ ಮಾಡಿದ. ಮೊದಲು ಬಾಲ್ಕನಿಗೆ ಹೋಗಿ ಸಿಲಿಂಡರ್ ಬಂದುಮಾಡಿದ. ಡಬ್ಬಿ ಬಿಚ್ಚಿದರೆ ಬರ್ನರಿನ ತುಂಬ ಕಪ್ಪು ಮಸಿ, ನೀರಿನ ಜಾಲರಿಯ ತುಂಬ ಕಸ. ಉರಿ ನೀಲಿಯಾಗಿ ಇರಬೇಕು, ನಿಮ್ಮದು ಹಳದಿಯಾಗಿ ಉರಿದು ಮಸಿ ಕಟ್ಟಿದೆ ಎಂದು ಚೇತನನಿಗೆ ತೋರಿಸಿದ. ಎಲ್ಲ ಉಜ್ಜಿ ತೊಳೆದು ಜೋಡಿಸಿ, ಪೈಪಿನ ಸಂದುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಏಳಲಿಲ್ಲ. ಹಚ್ಚಿದಾಗ ಉರಿ ನೀಲಿಯಾಗಿ ನಿಂತಿತು, ಎಷ್ಟು ಹೊತ್ತು ನೀರು ಬಿಟ್ಟರೂ ಆರಲಿಲ್ಲ. ಹೊಗೆ ಹೊರಗೆ ಹೋಗುವ ಕೊಳವೆಯೇ ಇದಕ್ಕಿಲ್ಲ, ಮುಂದಿನ ವಾರ ತಂದು ಹಾಕುತ್ತೇನೆ, ನಿಜವಾಗಿ ಇದನ್ನು ಬಚ್ಚಲಲ್ಲಿ ಇಡಲೇಬಾರದು, ಅಲ್ಲಿಯ ತನಕ ಬಕೆಟ್ ತುಂಬಿಕೊಂಡು ಗೀಸರ್ ಬಂದುಮಾಡಿ ಸ್ನಾನ ಮಾಡಿ ಎಂದ. ಹೊರಡುವ ಮುಂಚೆ ಕಿಟಕಿಯತ್ತ ನೋಡಿ, ದಿನವೂ ಸ್ನಾನ ಮಾಡಿಸುವವರು ಇವರೇ ಎಂದು ಗೊತ್ತಾಗಿ ಅವ್ವನನ್ನೇ ಕೇಳಿದ.

“ಅಮ್ಮ, ಈ ಕಿಡ್ಕಿ ಯಾವಾಗ್ಲೂ ಓಪನ್ ಇಡ್ತೀರಲ್ಲ? ಕ್ಲೋಸ್ ಮಾಡ್ಬಾರ್ದು, ಡೇಂಜರ್.”

“ತಗದಽ ಇರ್ತೈತಿ” ಎಂದಳು ಅವ್ವ.

ಅವನು ಬರುವ ಸುದ್ದಿ ಕೇಳಿದ ಕೂಡಲೇ ಸೀರೆಯ ತುಂಡನ್ನೂ ಗೋಣಿಚೀಲವನ್ನೂ ನನ್ನ ಮಂಚದ ಕೆಳಗೆ ದೂಡಿದ್ದಳಂತೆ. ಪರ ಗಂಡಸಿನ ಎದುರು ಬಾಣಂತಿಯ ನೀರಿನ ಮಾತು, ಅದೂ ತಾನು ಉಟ್ಟು ಬಿಟ್ಟ ಸೀರೆಯ ಮಾತು ಆಡುವುದುಂಟೇ? ಅವಳು ಸುಳ್ಳು ಹೇಳಿದೆ ಎಂದುಕೊಳ್ಳಲೇ ಇಲ್ಲ, ಮಾನ ಕಾಪಾಡಿಕೊಂಡೆ ಎಂದುಕೊಂಡಳು. ಗೀಸರ್ ಸರ್ವಿಸ್ ಆಯಿತು, ಇನ್ನು ಭಯವಿಲ್ಲ ಎಂದು ಚೇತನ ನನಗೆ ಹೇಳಿದ. ಕಿಟಕಿ ಸದಾ ತೆರೆದೇ ಇದೆ ಎಂದು ನಂಬಿದವನು ಇನ್ನೇನು ಹೇಳಿಯಾನು? ನನಗಂತೂ ಆ ಎಚ್ಚರಿಕೆ ಮುಟ್ಟಲೇ ಇಲ್ಲ. ನಾನು ಇನ್ನು ಟ್ರೇನು ನಡುವೆ ನಿಲ್ಲುವುದಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಭಾನುವಾರ ಚೇತನ ಮನೆಯಲ್ಲಿದ್ದನೆಂದು ಎರೆಯುವುದು ತಪ್ಪಿತು. ಸೋಮವಾರ ಬೆಳಗ್ಗೆ ಅವನು ಹೋದ ಮೇಲೆ ಅವ್ವ ಸೀರೆಯ ತುಂಡನ್ನು ಎಂದಿಗಿಂತ ಬಿಗಿಯಾಗಿ ತುರುಕಿದಳು. ಅಂದು ಒಳಗೆ ಹೋಗುವುದು ಕೂಸು. ಮೊದಲು ಕೂಸಿಗೆ, ಆಮೇಲೆ ನನಗೆ. ಎಣ್ಣೆ ಹಚ್ಚಿ ಫಳಫಳ ಹೊಳೆಯುತ್ತಿದ್ದ ಪ್ರಣೀತಾಳನ್ನು ಎತ್ತಿಕೊಂಡು ಅವ್ವ ಬಾಗಿಲು ಮುಚ್ಚಿಕೊಂಡಳು. ನಾನು ಕೋಣೆಯಲ್ಲಿ ಎಣ್ಣೆತಲೆಯಲ್ಲಿ ಒರಗಿ ಕೂತೆ.

ಕೂಸು ಮೊದಲ ತಂಬಿಗೆಗೇ ಬಿಲ್ಡಿಂಗ್ ಕೇಳುವಂತೆ ಚೀರಿತು. ಅವ್ವನ ಲಾಲಿ ಕೇಳುತ್ತಿತ್ತು, ನೀರು ಚೆಲ್ಲುವ ಸದ್ದು, ಬಿಡುವು, ಮತ್ತೆ ಸದ್ದು. ನನಗೆ ಜೋಂಪು ಹತ್ತಿತು. ಸ್ವಲ್ಪ ಹೊತ್ತಿಗೆ ಕೂಸಿನ ಅಳು ತಗ್ಗಿತು, ಮುಲುಗಿತು, ನಿಂತಿತು. ನೀರು ಹತ್ತಿದವು ಎಂದು ಅರೆನಿದ್ದೆಯಲ್ಲೇ ಸಮಾಧಾನಪಟ್ಟೆ. ನನ್ನ ಟ್ರೇನು ಕೂಡ ಎಲ್ಲೋ ದೂರದಲ್ಲಿ ಹೊರಟಿತ್ತು.

ಆದರೆ ಏನೋ ಸರಿಯಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹುಡುಕಿದೆ. ನೀರಿನ ಸದ್ದು ಬದಲಾಗಿತ್ತು. ತಂಬಿಗೆಯ ಸದ್ದಿನಲ್ಲಿ ಬಿಡುವು ಇರುತ್ತದೆ. ಇದು ಬಿಡುವಿಲ್ಲದ ಸದ್ದು, ತುಂಬಿದ ಬಕೆಟ್ ಮೀರಿ ನೀರು ನೆಲಕ್ಕೆ ಸುರಿಯುತ್ತಲೇ ಇರುವ ಸದ್ದು. ನಮ್ಮೂರಿನಲ್ಲಿ ನಳಕ್ಕೆ ನೀರು ಬರುವ ದಿನ ಹಬ್ಬದಂತಿರುತ್ತದೆ. ಅವ್ವ ಅಕ್ಕಿ ತೊಳೆದ ನೀರನ್ನು ಗಿಡಕ್ಕೆ, ಬಟ್ಟೆ ಒಗೆದ ನೀರನ್ನು ಅಂಗಳಕ್ಕೆ ಹಾಕಿ ಬದುಕಿದವಳು. ಕಾಯಿಸಿದ ನೀರನ್ನು ಅವಳು ಹೀಗೆ ಹರಿಯಬಿಡುವುದು ಸಾಧ್ಯವೇ ಇಲ್ಲ. ಅವಳಿಗೆ ಕೈ ಎತ್ತಿ ನಳ ತಿರುಗಿಸಲು ಆಗುತ್ತಿದ್ದರೆ ಆ ನೀರು ಹರಿಯುತ್ತಿರಲಿಲ್ಲ.

ಎದ್ದು ಹೋಗಿ ಬಾಗಿಲು ದೂಡಿದೆ. ಗೋಣಿಚೀಲ ತಡೆಯಿತು, ಹೆಗಲು ಕೊಟ್ಟೆ. ಬೆಚ್ಚಗಿನ ಹಬೆ ಮುಖಕ್ಕೆ ಬಂತು. ಅದರೊಳಗೆ ಅವ್ವ ಕಾಲು ಚಾಚಿ, ಗೋಡೆಗೆ ತಲೆ ಆನಿಸಿ ಕೂತಿದ್ದಳು. ಕಾಲ ಮೇಲೆ ಕೂಸು ತಲೆ ವಾಲಿಸಿಕೊಂಡು ಬಿದ್ದಿತ್ತು, ಕೆನ್ನೆ ಗುಲಾಬಿ ಬಣ್ಣ, ತುಟಿ ಅರೆ ತೆರೆದಿತ್ತು. ಅವ್ವನ ಎಡಗೈ ಅದರ ಬೆನ್ನ ಮೇಲೆ ಇತ್ತು, ಆದರೆ ಹಿಡಿತವಿರಲಿಲ್ಲ. ಅವಳು ನಗುತ್ತಿದ್ದಳು. ಕಣ್ಣು ಮುಚ್ಚಿ, ಯಾರನ್ನೋ ನೋಡಿದಂತೆ, ಮೆಲ್ಲಗೆ ನಗುತ್ತಿದ್ದಳು. ಆ ನಗೆಯನ್ನು ನಾನು ಹೊರಗಿನಿಂದ ಎಂದೂ ಕಂಡಿರಲಿಲ್ಲ, ಒಳಗಿನಿಂದ ಚೆನ್ನಾಗಿ ಬಲ್ಲೆ. ದಿನವೂ ಅದೇ ಮಣೆಯ ಮೇಲೆ ನಾನು ಹಾಗೆಯೇ ನಕ್ಕಿರಬೇಕು. ಇಷ್ಟು ದಿನದ ನಿದ್ದೆ, ತಲೆನೋವು, ಹಾಲು ಬಣ್ಣದ ಹೊಗೆ ಎಲ್ಲ ಒಮ್ಮೆಲೇ ಅರ್ಥವಾದವು. ಹೊಸಿಲಲ್ಲಿ ನಿಂತಾಗಲೂ ಆ ಹಬೆ ನನ್ನನ್ನು ಬಾ, ಕೂಡು ಎಂದು ಕರೆಯಿತು. ನನಗೆ ಅದರ ಮೇಲೆ ಬಂದಂಥ ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿಲ್ಲ.

ಉಸಿರು ಬಿಗಿಹಿಡಿದು ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಓಡಿದೆ. ಕಿಟಕಿ ತೆರೆದು, ಕೂಸನ್ನು ಗಾಳಿಗೆ ಒಡ್ಡಿ, ಪಕ್ಕದ ಫ್ಲ್ಯಾಟಿನ ಸೋನಾಲಿಯನ್ನು ಕೂಗಿದೆ. ಮುಂಬಾಗಿಲು ತೆರೆದಾಗ ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಕೂಸನ್ನು ಅವಳಿಗೆ ಕೊಟ್ಟು ಮತ್ತೆ ಒಳಗೆ ಹೋದೆ. ನಳ ತಿರುಗಿಸಿದೆ, ಉರಿ ಆರಿತು. ಕಿಟಕಿಯ ಸೀರೆಯನ್ನು ಕಿತ್ತೆಸೆದೆ. ಅವ್ವನ ಕಂಕುಳಿಗೆ ಕೈಹಾಕಿ ಎಳೆದೆ. ಹೊಲಿಗೆ ಹಾಕಿದ ಹೊಟ್ಟೆ ಏನಾಗುತ್ತದೆಂದು ಯೋಚಿಸಲಿಲ್ಲ. ಒದ್ದೆ ನೆಲದ ಮೇಲೆ ಅವಳು ಜಾರುತ್ತ ಬಂದಳು. ಪಡಸಾಲೆಯ ಕಿಟಕಿಯ ಕೆಳಗೆ ಮಲಗಿಸಿದಾಗ ಸೋನಾಲಿಯ ತೋಳಿನಲ್ಲಿ ಕೂಸು ಒಮ್ಮೆ ಬಿಕ್ಕಿತು, ಆಮೇಲೆ ಸಣ್ಣಗೆ ಅತ್ತಿತು. ಅದು ಹಸಿವಿನ ಅಳುವಾಗಿರಲಿಲ್ಲ, ಚಳಿಯ ಅಳುವಾಗಿರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು.

ಸೋನಾಲಿ ಆಟೋ ನಿಲ್ಲಿಸಿದಳು. ಆಸ್ಪತ್ರೆಯಲ್ಲಿ ಅವ್ವನಿಗೂ ಕೂಸಿಗೂ ಆಕ್ಸಿಜನ್ ಹಚ್ಚಿದರು, ನನ್ನ ರಕ್ತವನ್ನೂ ತೆಗೆದು ನೋಡಿದರು. ಮುಚ್ಚಿದ ಜಾಗದಲ್ಲಿ ಗ್ಯಾಸು ಉರಿದರೆ ಮೊದಲು ಗಾಳಿ ಸಾಯುತ್ತದೆ, ಆಮೇಲೆ ಬಣ್ಣವಿಲ್ಲದ ವಾಸನೆಯಿಲ್ಲದ ವಿಷ ಹುಟ್ಟಿ ರಕ್ತಕ್ಕೆ ಸೇರುತ್ತದೆ, ನಿದ್ದೆ ಬಂದಂತೆ ಆಗುವುದೇ ಅದರ ಗುರುತು, ಗೀಸರ್ ಸರಿಯಿದ್ದರೂ ಅಷ್ಟೇ ಎಂದು ಡಾಕ್ಟರಮ್ಮ ಹೇಳಿದರು. ಚಳಿಗಾಲದಲ್ಲಿ ಇಂಥವರು ಬರುತ್ತಲೇ ಇರುತ್ತಾರಂತೆ. ಇನ್ನೊಂದಿಷ್ಟು ಹೊತ್ತಾಗಿದ್ದರೆ ಎಂದು ಶುರುಮಾಡಿದವರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಫೋರ್ಟಿನಿಂದ ಓಡಿಬಂದ ಚೇತನ ಕೂಸಿನ ಕಾಲು ಹಿಡಿದುಕೊಂಡು ಮಗುವಿನಂತೆ ಅತ್ತ.

ನನಗೆ ಅವ್ವನ ಮೇಲೆ ಸಿಟ್ಟಿತ್ತು. ಮೆಕ್ಯಾನಿಕ್ ಕೇಳಿದಾಗ ಕಿಟಕಿ ತೆರೆದಿರುತ್ತದೆಂದು ಅವಳು ಹೇಳಿದ್ದು ಚೇತನನಿಂದ ತಿಳಿದ ಮೇಲಂತೂ ಅವಳ ಮಂಚದತ್ತ ನೋಡುವುದಕ್ಕೂ ಮನಸ್ಸಾಗಲಿಲ್ಲ. ಅವಳೂ ನನ್ನತ್ತ ನೋಡಲಿಲ್ಲ. ಕೂಸಿಗೆ ಏನೂ ಆಗಿಲ್ಲ, ಮನೆಗೆ ಒಯ್ಯಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ದೂರ ನಿಂತಳು.

ಹಿತೇಶ್ ಮತ್ತೆ ಬಂದ. ಆದದ್ದು ಕೇಳಿ ಅವನ ಮುಖ ಸಣ್ಣಗಾಗಿತ್ತು. ಗೀಸರನ್ನು ಬಚ್ಚಲಿನಿಂದ ಕಿತ್ತು, ಹೊರಗೆ ಡ್ರೈ ಬಾಲ್ಕನಿಯ ಗೋಡೆಗೆ ಹಾಕಿ, ನೀರಿನ ಪೈಪನ್ನು ಮಾತ್ರ ಒಳಗೆ ತಂದ. ವಿಷಗಾಳಿಗೆ ಕೂಗುವ ಒಂದು ಸಣ್ಣ ಅಲಾರ್ಮನ್ನು ಚೇತನ ತಂದು ಪಡಸಾಲೆಯ ಗೋಡೆಗೆ ಅಂಟಿಸಿದ. ಅವ್ವ ಇದಾವುದನ್ನೂ ನೋಡಲಿಲ್ಲ. ಅಡುಗೆಮನೆಯಲ್ಲಿ ಕೂತು ನನಗಾಗಿ ಜೋಳದ ಹಿಟ್ಟು ಹುರಿಯುತ್ತಿದ್ದಳು. ಕೂಸು ಅತ್ತರೆ ನನ್ನನ್ನು ಕೂಗುತ್ತಿದ್ದಳು, ಎತ್ತಿಕೊಳ್ಳುತ್ತಿರಲಿಲ್ಲ. ಚೇತನ ಅವಳ ಬಳಿ ಹೋಗಿ, ಅತ್ತಿ, ನಿಮ್ಮದೇನೂ ತಪ್ಪಿಲ್ಲ ಎಂದ. ಸಂಜೆ ನೋಡಿದರೆ ಸೀರೆಗಳ ಗಂಟು ಕಟ್ಟಿಟ್ಟಿದ್ದಳು. ಭಾನುವಾರ ಊರಿಗೆ ಹೋಗುತ್ತಾಳಂತೆ. ಎರೆಯುವುದಕ್ಕೆ ಇಲ್ಲಿ ಬಾಯಿ ಅಂತ ಕೆಲಸದ ಹೆಂಗಸರು ಸಿಗುತ್ತಾರಂತೆ, ಅವರನ್ನು ಇಟ್ಟುಕೊಳ್ಳಬೇಕಂತೆ.

ಸಿಟ್ಟು ತಡೆಯಲಿಲ್ಲ. ಅವಳ ಎದುರಿಗೆ ಕೂತು ಕೇಳಿದೆ. ನನಗಾದರೆ ಬಾಣಂತಿಯ ಮಂಪರು, ನಿನಗೂ ದಿನಾ ತಲೆನೋವು ಬರುತ್ತಿತ್ತು, ಹಣೆಗೆ ಬಾಮು ತಿಕ್ಕಿಕೊಳ್ಳುವುದನ್ನು ನಾನು ನೋಡಿದ್ದೇನೆ, ಒಂದು ದಿನವೂ ಯಾಕೆ ಬಾಯಿ ಬಿಡಲಿಲ್ಲ ಎಂದೆ.

ಅವಳು ಬಟ್ಟೆಗಂಟಿನ ಕಟ್ಟನ್ನೇ ಮತ್ತೆ ಬಿಗಿ ಮಾಡಿದಳು.

“ನಮ್ಮವ್ವ ಬರತಿದ್ಳು” ಎಂದಳು. “ಬಚ್ಚಲದಾಗ. ಬಂದು ನನಗ ಎರೀತಿದ್ಳು.”

ನಾನು ಅವಳ ಹತ್ತಿರ ಸರಿದು ಕೂತೆ.

“ನೀ ಹುಟ್ಟೂದರಾಗ ಆಕಿ ಸತ್ತು ಹ್ವಾದಳು. ನನಗ ಯಾರೂ ಎರೀಲಿಲ್ಲ. ನಾನಽ ಎದ್ದು ನೀರು ಕಾಯಿಸಿ, ನಾನಽ ಹಾಕ್ಕೊಂಡೆ. ಓಣಿ ತುಂಬ ಎಲ್ಲಾರಿಗೂ ಎರದೀನಿ, ನನಗೊಂದ ತಂಬಗಿ ಯಾರೂ ಹಾಕಿಲ್ಲ. ಇಲ್ಲಿ ಬಂದಮ್ಯಾಲ ದಿನಾ ಬರಾಕ ಹತ್ತಿದ್ಳು. ತಲಿ ನೋಯ್ತದ ಅಂದ್ರ ನೀವು ಬಚ್ಚಲ ಬಿಡಸ್ತೀರಿ. ಅದಕ್ಕ ಹೇಳಲಿಲ್ಲ.”

ನನ್ನ ಲೋಕಲ್ ಟ್ರೇನಿನ ಸಂಗತಿ ನಾನೂ ಯಾರಿಗೂ ಹೇಳಿರಲಿಲ್ಲ. ಒಂದೇ ಬಚ್ಚಲಲ್ಲಿ, ಒಂದೇ ಹಬೆಯಲ್ಲಿ, ನಾನು ಕಿಟಕಿಯ ಸೀಟಿನಲ್ಲಿ ಕೂತು ಹೋಗುವಾಗ ನನ್ನ ಬೆನ್ನ ಹಿಂದೆ ಅವಳು ತನ್ನ ಅವ್ವನ ಎದುರು ಮಣೆಯ ಮೇಲೆ ಕೂತಿರುತ್ತಿದ್ದಳು. ಕೈ ಮಾತ್ರ ತಂಬಿಗೆ ಎತ್ತಿ ಹಾಕುತ್ತಿತ್ತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವಳನ್ನು ತಬ್ಬಿಕೊಳ್ಳುವುದು ನಮ್ಮಲ್ಲಿ ರೂಢಿಯಿಲ್ಲ, ಆದ್ದರಿಂದ ಗಂಟನ್ನು ಅವಳ ಕೈಯಿಂದ ಕಸಿದು ಕಪಾಟಿಗೆ ಹಾಕಿದೆ.

ಮರುದಿನ ಬೆಳಗ್ಗೆ ಎರಡು ಬಕೆಟ್ ಬಿಸಿನೀರು ತುಂಬಿ, ಗೀಸರ್ ಬಂದುಮಾಡಿದೆ. ಕಿಟಕಿಯ ಗಾಜಿನ ಪಟ್ಟಿಗಳನ್ನು ಪೂರ್ತಿ ತೆರೆದೆ. ಬಾಗಿಲನ್ನು ಅರ್ಧ ತೆರೆದಿಟ್ಟೆ. ಆಮೇಲೆ ಅವ್ವನ ಕೈಹಿಡಿದು ಎಳೆದು ತಂದು ಮಣೆಯ ಮೇಲೆ ಕೂಡಿಸಿದೆ. ಬಾಣಂತಿ ಎರೆಯಬಾರದು, ಬೆನ್ನು ಹಿಡಿಯುತ್ತದೆ, ಜನ ಏನಂದಾರು ಎಂದು ಅವಳು ಗೊಣಗಿದಳು. ಏಳನೇ ಮಾಳಿಗೆಯ ಬಚ್ಚಲಿಗೆ ಯಾವ ಜನ ಬರುತ್ತಾರೆ ಎಂದೆ. ನೆತ್ತಿಗೆ ಎಣ್ಣೆ ಒತ್ತಿದೆ. ಬಿಳಿ ಕೂದಲಿನ ಬುಡದಲ್ಲಿ ಅವಳ ತಲೆ ಕೂಸಿನ ತಲೆಯಷ್ಟೇ ಮೆತ್ತಗಿತ್ತು. ಮೊದಲ ತಂಬಿಗೆ ಸುರಿದಾಗ ಅವಳ ಹೆಗಲುಗಳು ಬಿಗಿದಿದ್ದವು, ಸುರಿಯುತ್ತ ಹೋದಂತೆ ಇಳಿದವು. ಕಿಟಕಿಯಿಂದ ಕಾಂದಿವಲಿಯ ಧೂಳು ಗಾಳಿ ನೇರವಾಗಿ ಬಂದು ಅವಳ ಒದ್ದೆ ಬೆನ್ನಿಗೆ ತಾಗಿತು. ಬೆನ್ನೆಲ್ಲ ಮುಳ್ಳೆದ್ದಿತು. ಅವಳು ಮೇಲೆ ನೋಡಲಿಲ್ಲ.

“ಅವ್ವಾ, ಎಚ್ಚರ ಅದಿಯಿಲ್ಲ?” ಎಂದು ಕೇಳಿದೆ.

“ಅ‍ದೀನಿ” ಎಂದಳು.

ನಾನು ಹೋಗಿ ಪ್ರಣೀತಾಳನ್ನು ಎತ್ತಿ ತಂದು ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿಸಿದೆ. ಅವ್ವ ಎರಡೂ ಕೈಗಳನ್ನು ಮೇಲೆತ್ತಿದಳು, ಕಾಲ ಮೇಲೆ ಕೆಂಡ ಬಿದ್ದವರಂತೆ. ಬ್ಯಾಡ, ತಗೊ, ನನ್ನ ಕೈಲೆ ಬ್ಯಾಡ ಎಂದು ತಲೆ ಅಲ್ಲಾಡಿಸಿದಳು. ನಾನು ಕೈ ತೆಗೆದೆ. ಎಣ್ಣೆ ಹಚ್ಚಿದ ಕೂಸು ಕಿರುಚುತ್ತ ಒಂದು ಬದಿಗೆ ಜಾರಿತು. ಅವ್ವನ ಎಡಗೈ ತಾನಾಗಿಯೇ ಇಳಿದು ಅದರ ಎದೆಯ ಕೆಳಗೆ ಸೇರಿಕೊಂಡು, ಗಟ್ಟಿಯಾಗಿ ಹಿಡಿಯಿತು. ಕೂಸು ಅಳುತ್ತಲೇ ಇತ್ತು. ಆಮೇಲೆ ಅವ್ವ ಬಲಗೈಯನ್ನು ಬಕೆಟ್ಟಿಗೆ ಚಾಚಿ, ಬೆರಳು ಅದ್ದಿ ನೋಡಿ, ನನ್ನ ಮೇಲೆ ರೇಗಿದಳು.

“ಇಷ್ಟು ಬಿಸಿ ನೀರು ಹಾಕ್ತಾರೇನ ಕೂಸಿಗೆ? ತಣ್ಣೀರು ಬೆರಸು.”

ನಾನು ಬೆರೆಸಿದೆ.